ಹನ್ನೊಂದು ಸಾಲಿನ ಕ್ರಿಯಾಪದ

“ನಿಮಗ ತಿಳೀಲಾರದ ಕಾಗದಕ್ಕ ಇನ್ನ ಮ್ಯಾಲ ನಿಮ್ಮ ಸಹಿ ಬೀಳಂಗಿಲ್ಲ. ನಾ ಇಲ್ಲಿ ಇರೂತನಕ ಬೀಳಗೊಡಂಗಿಲ್ಲ.”

೧೯೯೩ರ ಜೂನಿನಲ್ಲಿ ಹಣಮಂತ್ರಾಯನಿಗೆ ನಾನು ಕೊಟ್ಟ ಮಾತು ಇದು. ಆಗ ನನಗೆ ಇಪ್ಪತ್ತೇಳು, ಮಗಳು ಮುಕ್ತಾಗೆ ಮೂರು. ಆ ವಯಸ್ಸಿನಲ್ಲಿ ಮಾತು ಕೊಡುವುದು ಭಾಳ ಸಸಾರ ಅನಿಸುತ್ತದೆ.

ಸೋಲಾಪುರ ರಸ್ತೆಯಲ್ಲಿ ಇಂದಾಪುರ ಇನ್ನೂ ಮುಕ್ಕಾಲು ಗಂಟೆ ಇದೆ ಅನ್ನುವಾಗ ಎಡಕ್ಕೆ ಹೊರಳಿದರೆ ನಮ್ಮ ಬಣ್ಣದ ಫ್ಯಾಕ್ಟರಿ. ಬಟ್ಟೆಗೆ ಹಾಕುವ ಕೆಂಪು, ಕಿತ್ತಳೆ, ಹಳದಿ ಅಲ್ಲಿ ತಯಾರಾಗುತ್ತಿದ್ದವು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಲಗ್ನವಾಗಿ ಪುಣೆಗೆ ಬಂದ ನಾನು ಅಲ್ಲಿ ಪಾಳಿಯ ಕೆಮಿಸ್ಟ್. ದಿನಾ ಹಡಪಸರದಿಂದ ಕಂಪನಿ ಬಸ್ಸು. ಹಣಮಂತ್ರಾಯ ಸುರಪುರದ ಕಡೆಯವ. ಗುತ್ತಿಗೆದಾರನ ಆಳಾಗಿ ಬಂದು ಬಣ್ಣದ ತೊಟ್ಟಿಯ ಆಪರೇಟರ್ ಆದವ, ಪಗಾರ ಮಾತ್ರ ಇನ್ನೂ ಗುತ್ತಿಗೆದಾರನ ಕೈಯಿಂದಲೇ. ನನಗಿಂತ ಹತ್ತು ವರ್ಷ ದೊಡ್ಡವ. ಊರಲ್ಲಿ ನಾಲ್ಕನೇ ಇಯತ್ತೆವರೆಗೆ ಕನ್ನಡ ಸಾಲಿ ಕಲಿತಿದ್ದ. ಅಕ್ಷರ ಮುತ್ತಿನಂಥವು. ಮರಾಠಿ ಮಾತಾಡುತ್ತಿದ್ದ, ಓದಲು ಬಾರದು. ಇಂಗ್ಲೀಷಂತೂ ದೂರದ ಮಾತು.

ಕೆಲಸಕ್ಕೆ ಸೇರಿದ ದಿನ ಅವನಿಂದ ಒಂದು ಇಂಗ್ಲೀಷ್ ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದರು. ಎರಡು ತಿಂಗಳಲ್ಲಿ ಮುಂಗೈ ಮೇಲೆ ಆಮ್ಲ ಬಿದ್ದು ತೊಗಲು ಸುಲಿಯಿತು. ಕೈಗವಸು ಕೇಳಲು ಆಫೀಸಿಗೆ ಹೋದರೆ ಆ ಕಾಗದ ತೆಗೆದು ತೋರಿಸಿದರು. ಕೈಗವಸು, ಕಣ್ಣಿನ ಕನ್ನಡಕ, ಬೂಟು ಎಲ್ಲ ನನಗೆ ಮುಟ್ಟಿವೆ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಅವನ ಸಹಿ.

“ಸಹಿ ಮಾಡೂಮುಂದ ಕೇಳಲಿಲ್ಲೇನ್ರಿ, ಏನದ ಇದರಾಗ ಅಂತ?” ಅಂದೆ.

“ಯಾರಿಗೆ ಕೇಳಲ್ರಿ ಅಕ್ಕಾರ? ಮಾಡು ಅಂದ್ರು. ನನ್ನ ಸಹಿ ಚಂದ ಅದ ಅಂತ ನಾ ಮತ್ತಷ್ಟು ದೊಡ್ಡದು ಮಾಡಿದೆ.”

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಆಗಲೇ ಆ ಮಾತು ನನ್ನ ಬಾಯಿಂದ ಬಂದದ್ದು.

ಮಾತು ಕೊಟ್ಟ ಮಾರನೇ ದಿನದಿಂದಲೇ ಅದರ ತೂಕ ಗೊತ್ತಾಯಿತು. ತೊಟ್ಟಿಗೆ ಮಾಲು ಹಾಕುವ ಮೊದಲು ಪ್ರತಿ ಸಲ ಒಂದು ಬ್ಯಾಚ್ ಕಾರ್ಡು ಬರುತ್ತಿತ್ತು, ಯಾವುದರ ನಂತರ ಯಾವುದು ಮಾಡಬೇಕು ಅಂತ. ಕೊನೆಗೆ ಆಪರೇಟರನ ಸಹಿ. ಹಣಮಂತ್ರಾಯ ಕಾರ್ಡು ಹಿಡಿದು ಬಂದು ಮೂರನೇ ಸಾಲಿನ ಮೇಲೆ ಬೆರಳಿಟ್ಟ.

“ಇದೇನ್ರಿ?”

“ಡಯಜೋಟೈಸ್.”

“ಅಂದ್ರ?”

ಅಮೀನನ್ನು ನೈಟ್ರಸ್ ಆಮ್ಲದ ಜೊತೆ ತಣ್ಣಗೆ ಕೂಡಿಸಿ ಡಯಜೋನಿಯಂ ಲವಣ ಮಾಡುವುದು ಅಂತ ನಾನು ಧಾರವಾಡದಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಅವನ ಮುಖ ಬದಲಾಗಲಿಲ್ಲ. ಕನ್ನಡದಲ್ಲಿ ಹೇಳೋಣ ಅಂತ ‘ಡಯಜೋಕರಿಸು’ ಅಂದೆ.

“ಇದು ಕನ್ನಡ ಅಲ್ರಿ ಅಕ್ಕಾರ. ಪ್ಯಾಂಟಿನ ಮ್ಯಾಲ ರುಮಾಲ ಸುತ್ತಿದಂಗ ಆತು. ಆ ಶಬ್ದ ಬಿಡ್ರಿ. ಅದರಾಗ ನಾ ಏನೇನು ಮಾಡಬೇಕು, ಅಷ್ಟು ಹೇಳ್ರಿ.”

ಹೇಳಲು ಹೋದಾಗ ಗೊತ್ತಾಯಿತು, ಆ ಒಂದು ಕ್ರಿಯಾಪದದ ಹೊಟ್ಟೆಯಲ್ಲಿ ಎಷ್ಟು ಕೆಲಸ ಅಡಗಿದೆ ಅಂತ. ನಾಲ್ಕು ದಿನ ಅವನ ತೊಟ್ಟಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅವ ಮಾಡುತ್ತ ಹೋದ, ನಾನು ಬರೆಯುತ್ತ ಹೋದೆ. ನೋಟುಬುಕ್ಕಿನ ಹಾಳೆಯಲ್ಲಿ ಹನ್ನೊಂದು ಸಾಲು ಆದವು. ಅರ್ಧ ನನ್ನವು, ಅರ್ಧ ಅವನವು. ನೈಟ್ರೈಟ್ ನೀರನ್ನು ನಿಧಾನವಾಗಿ ಬಿಡಬೇಕು ಅಂತ ನಾನು ಬರೆದರೆ, ಅದನ್ನು ಹೊಡೆದು ಹಾಕಿಸಿ “ಎಳಿ ದಾರದಂಗ ಬಿಡು” ಅಂತ ಬರೆಸಿದ. ಸೊನ್ನೆಯಿಂದ ಐದು ಡಿಗ್ರಿ ಅಂತ ನಾನು ಬರೆದ ಪಕ್ಕದಲ್ಲಿ, “ಬರ್ಫ ತೇಲೂದು ಕಣ್ಣಿಗೆ ಕಾಣತಿರಬೇಕು” ಅಂತ ಸೇರಿಸಿದ. ಬರ್ಫ ಅಂದರೆ ಮಂಜುಗಡ್ಡೆ. ಥರ್ಮಾಮೀಟರ್ ಒಡೆದರೂ ಕಣ್ಣು ಒಡೆಯುವುದಿಲ್ಲವಲ್ಲ. ಪರೀಕ್ಷೆಯ ಕಾಗದ ನೀಲಿ ಆಗಬೇಕು, ಆಗಿ ನೀಲಿಯೇ ಉಳಿಯಬೇಕು. ತಯಾರಾದದ್ದನ್ನು ಹಾಗೇ ನಿಲ್ಲಿಸಬಾರದು, ಕೂಡಲೇ ಮುಂದಿನ ತೊಟ್ಟಿಗೆ ಹರಿಸಬೇಕು. ಬಿಸಿ ಏರಿದರೆ ಅದು ಬುರುಗುಟ್ಟಿ ಮೈಮೇಲೆ ಬರುತ್ತದೆ.

ಏಳನೆಯ ಸಾಲು ಬರ್ಫದ್ದು. ನಮಗೆ ಬರ್ಫ ಬರುತ್ತಿದ್ದುದು ಭಿಗವಣದ ಕಡೆಯಿಂದ. ಅಲ್ಲಿ ಮೀನಿನ ಲಾರಿಗಳಿಗೆ ಮೊದಲು ತುಂಬಿ ಉಳಿದದ್ದು ನಮಗೆ. ಒಂದೊಂದು ದಿನ ಹನ್ನೊಂದು ಗಂಟೆಯಾದರೂ ಲಾರಿ ಪತ್ತೆ ಇರುತ್ತಿರಲಿಲ್ಲ. ಸುಪರ್‌ವೈಜರುಗಳು ಬಂದು “ಚಾಲೂ ಕರ, ಬರ್ಫ ಯೇತೋಯ್” ಅಂತ ಒದರುತ್ತಿದ್ದರು. ಶುರು ಮಾಡು, ಬರ್ಫ ಬರುತ್ತಿದೆ ಅಂತ. ಅದಕ್ಕೆ ನಾನು, “ಬರ್ಫ ಬಂದಿಲ್ಲಂದ್ರ ನೈಟ್ರೈಟ್ ಬಿಡಬ್ಯಾಡ” ಅಂತ ಬರೆದೆ.

“ಮುಂದ ಇನ್ನೊಂದು ಮಾತು ಹಾಕ್ರಿ,” ಅಂದ ಹಣಮಂತ್ರಾಯ. “ಯಾರು ಹೇಳಿದ್ರೂ ಬಿಡಬ್ಯಾಡ.”

“ಅದು ಕೆಮಿಸ್ಟ್ರಿ ಅಲ್ರಿ.”

“ನಿಮಗ ಅಲ್ಲ. ನನಗ ಅದ ಕೆಮಿಸ್ಟ್ರಿ.”

ಹಾಕಿದೆ. ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸೇರಿಸಿ ತೊಟ್ಟಿಯ ಮೇಲಿನ ಗೋಡೆಗೆ ಅಂಟಿಸಿದೆವು. ಆಮೇಲೆ ಯಾರು ಅವಸರ ಮಾಡಿದರೂ ಹಣಮಂತ್ರಾಯ ವಾದ ಮಾಡುತ್ತಿರಲಿಲ್ಲ. ಗೋಡೆ ಕಡೆ ಗದ್ದ ಎತ್ತುತ್ತಿದ್ದ. “ಸಾಹೇಬ, ಲಿಹಿಲಂಯ್ ಬಘಾ.” ಬರೆದಿದೆ ನೋಡಿ ಅಂತ. ನೋಡಿದವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಅದು ಗೋಡೆ ಮೇಲಿತ್ತು, ಕೆಳಗೆ ಕೆಮಿಸ್ಟಳ ಸಹಿ ಇತ್ತು. ಗೊಣಗಿ ಹೋಗುತ್ತಿದ್ದರು. ಹಾಗೆ ಐದೂವರೆ ವರ್ಷ, ಆ ತೊಟ್ಟಿ ಒಮ್ಮೆಯೂ ಉಕ್ಕಲಿಲ್ಲ.

೧೯೯೯ರ ಫೆಬ್ರುವರಿಯಲ್ಲಿ ನಮಗೆ ಐಎಸ್‌ಓ ಹುಚ್ಚು ಹಿಡಿಯಿತು. ಪರದೇಶದ ಗಿರಾಕಿಗಳಿಗೆ ಆ ಸರ್ಟಿಫಿಕೇಟು ಬೇಕಂತೆ. ವರ್ಕ್ಸ್ ಮ್ಯಾನೇಜರ್ ಮನೋಹರ ಸಾಹೇಬರು ಒಂದು ತಿಂಗಳು ನಮ್ಮನ್ನು ಕೂರಿಸಿ ಮರಾಠಿಯಲ್ಲಿ ಪಾಠ ಹೇಳಿದರು. ಪಾಠದ ಸಾರ ಎರಡೇ ಮಾತು. ನಂಬರು ಇಲ್ಲದ ಕಾಗದ ಎಲ್ಲೂ ಕಾಣಬಾರದು. ನಂಬರು ಬಿದ್ದ ಕಾಗದವನ್ನು ಯಾರೂ ಹರಿಯಬಾರದು.

“ಈ ಹಾಳೆಗೂ ಒಂದು ನಂಬರು ಕೊಡಿ ಸರ್,” ಅಂತ ಗೋಡೆ ತೋರಿಸಿದೆ.

“ಕಾನಡೀ?” ಕನ್ನಡವೆ, ಅಂದರು. “ನಂಬರು ಕೊಡಬೇಕಾದರೆ ಒಬ್ಬರು ಬರೀಬೇಕು, ಇನ್ನೊಬ್ಬರು ಓದಿ ಮಂಜೂರು ಮಾಡಬೇಕು. ನಿಮ್ಮನ್ನು ಬಿಟ್ಟರೆ ಇದನ್ನು ಓದೋರು ಯಾರು, ಕುಸುಮತಾಯಿ? ತೆಗೀರಿ.”

“ಮತ್ತೆ ಕಾರ್ಡಿನಲ್ಲಾದರೂ ಈ ಹನ್ನೊಂದು—”

“ಕಾರ್ಡು ನೀಟಾಗಿ ಬೇಕು. ‘ಡಯಜೋಟೈಸ್, ಸೊನ್ನೆಯಿಂದ ಐದು ಡಿಗ್ರಿ.’ ಸಾಕು. ಆಡಿಟರಿಗೆ ಅಡಿಗೆ ಪುಸ್ತಕ ತೋರಿಸೋಣವೆ?”

ಆ ಹೊಸ ಕಾರ್ಡನ್ನು ಬರೆದವಳು ನಾನೇ. ಹಾಳೆಯನ್ನು ಕಿತ್ತವಳೂ ನಾನೇ, ಒದ್ದೆ ಅರಿವೆಯಿಂದ ಅಂಟು ಒರೆಸಿದವಳೂ ನಾನೇ. ಇದನ್ನು ಮುಚ್ಚಿಟ್ಟು ಬರೀ ಮನೋಹರ ಸಾಹೇಬರ ಮೇಲೆ ಸಿಟ್ಟು ಮಾಡಿದರೆ ಅನ್ಯಾಯವಾಗುತ್ತದೆ. ಹಣಮಂತ್ರಾಯ ನಿಂತು ನೋಡಿದ. ಗೋಡೆ ಮೇಲೆ ಹಾಳೆಯಷ್ಟೇ ಅಗಲದ ಬಿಳಿ ಚೌಕ ಉಳಿದಿತ್ತು.

“ನನಗ ಎಲ್ಲಾ ಬಾಯಿಪಾಠ ಅದ ಬಿಡ್ರಿ,” ಅಂತ ಅವನೇ ನನಗೆ ಸಮಾಧಾನ ಹೇಳಿದ.

ಬಾಯಿಪಾಠ ಇದ್ದೇ ಇತ್ತು. ಆದರೆ ಬಾಯಿಪಾಠವನ್ನು ಗದ್ದ ಎತ್ತಿ ತೋರಿಸಲು ಬರುವುದಿಲ್ಲ.

ಆಡಿಟರುಗಳು ಬಂದ ದಿನ ನಾನು ಮೀಟಿಂಗ್ ರೂಮಿನಲ್ಲಿ ಫೈಲುಗಳ ಜೊತೆ ಇದ್ದೆ. ಬರ್ಫದ ಲಾರಿ ಬಂದಿರಲಿಲ್ಲ. ಹಿಂದಿನ ದಿನದ ಒಂದೂವರೆ ಗಡ್ಡೆ ಗೋಣಿಚೀಲದ ಕೆಳಗೆ ಉಳಿದಿತ್ತು, ಅಷ್ಟೇ. ಹತ್ತೂವರೆಗೆ ಮನೋಹರ ಸಾಹೇಬರು ತೊಟ್ಟಿಯ ಹತ್ತಿರ ಹೋಗಿ, ಇನ್ನು ಅರ್ಧ ತಾಸಿನಲ್ಲಿ ಆಡಿಟರು ಇಲ್ಲಿಗೆ ಬರುತ್ತಾರೆ, ತೊಟ್ಟಿ ಖಾಲಿ ನಿಂತಿರಬಾರದು, ಡಯಜೋಟೈಸ್ ಶುರು ಮಾಡು ಅಂದರು. ಬರ್ಫ ಇಲ್ಲ ಅಂದ ಹಣಮಂತ್ರಾಯ. ಯೇತೋಯ್, ಚಾಲೂ ಕರ ಅಂದರು ಇವರು. ಹಣಮಂತ್ರಾಯ ಅಭ್ಯಾಸದಂತೆ ಗೋಡೆ ಕಡೆ ಗದ್ದ ಎತ್ತಿದನಂತೆ. ಬಿಳಿ ಚೌಕ. ಸಾಹೇಬರೂ ಅತ್ತ ನೋಡಿ, “ಕಾಯ್ ಆಹೇ ತಿಥೇ?” ಏನಿದೆ ಅಲ್ಲಿ, ಅಂದರಂತೆ.

ಇದನ್ನು ನನಗೆ ಹೇಳಿದವನು ರಾಮಲಿಂಗಪ್ಪ, ಹಣಮಂತ್ರಾಯನ ಹೆಂಡತಿಯ ಅಣ್ಣ, ಅದೇ ತೊಟ್ಟಿಯಲ್ಲಿ ಜೊತೆಗಾರ. ಹೇಳಿದ್ದು ಆಸ್ಪತ್ರೆಯ ಹಾಸಿಗೆ ಮೇಲಿಂದ. ಇದ್ದ ಒಂದೂವರೆ ಗಡ್ಡೆ ಹಾಕಿ ಹಣಮಂತ್ರಾಯ ನೈಟ್ರೈಟ್ ಬಿಟ್ಟ. ಗಡ್ಡೆ ಇಪ್ಪತ್ತು ನಿಮಿಷಕ್ಕೆ ಕರಗಿತು. ಹಣಮಂತ್ರಾಯ ನೈಟ್ರೈಟ್ ನಳ ಬಂದ್ ಮಾಡಿದ, ಆದರೆ ಅಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಇಳಿದಿತ್ತು. ಕಂದು ಹೊಗೆ ಎದ್ದಿತು, ಬುರುಗು ತೊಟ್ಟಿಯ ಅಂಚು ದಾಟಿತು. ಹೊರಕ್ಕೆ ಓಡುವಾಗ ರಾಮಲಿಂಗಪ್ಪ ಆ ಬುರುಗಿನಲ್ಲೇ ಜಾರಿ ಬಿದ್ದ. ಎರಡೂ ಕಾಲು ಮೊಣಕಾಲಿನವರೆಗೆ ಸುಟ್ಟವು. ಆಡಿಟರುಗಳನ್ನು ಆ ಹೊತ್ತಿಗೆ ಕ್ಯಾಂಟೀನಿನ ಕಡೆ ತಿರುಗಿಸಿ ಚಹಾ ಕುಡಿಸಿದರು. ಸರ್ಟಿಫಿಕೇಟು ಬಂತು.

ಮೂರು ವಾರದ ಮೇಲೆ ವಿಚಾರಣೆ. ಮಾಡುವವರು ಯಾರು? ಮನೋಹರ ಸಾಹೇಬರೇ. ಶುರು ಮಾಡು ಅಂದವರೇ ಯಾಕೆ ಶುರು ಮಾಡಿದೆ ಅಂತ ಕೇಳುವವರು.

ನಾನು ಅವರ ಕೋಣೆಗೆ ಹೋಗಿ ನೇರವಾಗಿ ಕೇಳಿದೆ. “ನೀವೇ ಹೇಳಿದಿರಂತಲ್ಲ ಸರ್?”

ಅವರು ಇಲ್ಲ ಅನ್ನಲಿಲ್ಲ. ಅದೇ ನನಗೆ ಇವತ್ತಿಗೂ ಮೈ ಉರಿಸುವುದು. ಸುಳ್ಳು ಹೇಳಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ.

“ಹೌದು, ಡಯಜೋಟೈಸ್ ಮಾಡು ಅಂದೆ,” ಅಂದರು ಆರಾಮಾಗಿ. “ನೀವು ಕೆಮಿಸ್ಟ್ರಿ ಓದಿದವರು, ನೀವೇ ಹೇಳಿ. ಡಯಜೋಟೈಸ್ ಅಂದರೆ ಏನು? ಸೊನ್ನೆಯಿಂದ ಐದು ಡಿಗ್ರಿಯಲ್ಲಿ ಮಾಡೋದು. ತಣ್ಣಗಿರಬೇಕು ಅನ್ನೋದು ಆ ಶಬ್ದದ ಒಳಗೇ ಇದೆ. ಬರ್ಫ ಇಲ್ಲದೆ ಮಾಡು ಅಂತ ನಾನು ಹೇಳಿದೆನೆ? ಬರ್ಫ ಇಲ್ಲದೆ ಮಾಡಿದರೆ ಅದು ಡಯಜೋಟೈಸ್ ಅಲ್ಲವೇ ಅಲ್ಲ. ಅಂದರೆ ನಾನು ಹೇಳಿದ್ದನ್ನು ಅವನು ಮಾಡಿಲ್ಲ.”

ಪುಸ್ತಕದ ಪ್ರಕಾರ ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವರು ಬರ್ಫ ತರಲಿಲ್ಲ, ತರಿಸಲಿಲ್ಲ, ಬರುವ ತನಕ ತಡೆಯಲೂ ಇಲ್ಲ. ಆದರೆ ಬಾಯಲ್ಲಿ ಒಂದು ಶಬ್ದ ಅಂದರು, ಆ ಶಬ್ದದಲ್ಲಿ ಬರ್ಫ ಇತ್ತಂತೆ! ಎಂಥಾ ಕ್ರಿಯಾಪದ ಇದು? ಹೇಳುವವನಿಗೆ ಅರ್ಧ ಉಸಿರಿನ ಕೆಲಸ, ಮಾಡುವವನಿಗೆ ಹನ್ನೊಂದು. ಕೆಟ್ಟರೆ ಹನ್ನೊಂದೂ ಮಾಡುವವನ ತಲೆ ಮೇಲೆ. ನಾವು ಕಾಲೇಜಿನಲ್ಲಿ ಪ್ರಯೋಗದ ವಹಿಯಲ್ಲಿ “ಅಮೀನನ್ನು ಡಯಜೋಟೈಸ್ ಮಾಡಲಾಯಿತು” ಅಂತ ಬರೆದು ಮಾರ್ಕು ತೆಗೆದುಕೊಂಡೆವು. ಯಾರು ಮಾಡಿದರು, ಯಾರ ಕಾಲು ತೊಟ್ಟಿಯ ಪಕ್ಕ ಇತ್ತು, ಯಾರೂ ಕೇಳಲಿಲ್ಲ. ಈಗ ಮುಕ್ತಾಗೆ ಹದಿನೇಳು; ಮೊನ್ನೆ ಅವಳ ಹನ್ನೆರಡನೇ ಇಯತ್ತೆಯ ಗೈಡು ತೆಗೆದು ನೋಡಿದೆ. ಅದೇ ಒಂದು ಸಾಲು. ಅವಳೂ ಬಾಯಿಪಾಠ ಮಾಡುತ್ತಿದ್ದಾಳೆ.

ವಿಚಾರಣೆಯಲ್ಲಿ ಹಣಮಂತ್ರಾಯ ಕೊಡಬೇಕಾದ ಹೇಳಿಕೆ ಮೊದಲೇ ಟೈಪಾಗಿ ಬಂತು, ಇಂಗ್ಲೀಷಿನಲ್ಲಿ. ನನ್ನ ಸಹಿಗೂ ಒಂದು ಜಾಗ ಇತ್ತು: “ಮೇಲಿನದನ್ನು ಆಪರೇಟರನಿಗೆ ಅವನ ಮಾತೃಭಾಷೆಯಲ್ಲಿ ತಿಳಿಸಲಾಗಿದೆ.” ಆಫೀಸಿನವರಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಹಾಳೆಯ ಮೂಲೆಯಲ್ಲಿ ನೀಲಿ ಶಾಯಿಯ ನಂಬರು ಆಗಲೇ ಬಿದ್ದಿತ್ತು.

ಹಣಮಂತ್ರಾಯನನ್ನು ಕರೆಸಿದರು. ಈ ಕಾಗದಕ್ಕೆ ಸಹಿ ಬಿದ್ದರೆ ತಪ್ಪು ಅವನದು, ಕೆಲಸ ಹೋಯಿತು. ಆ ಭಾಗದ ಇನ್ನಾವ ಬಣ್ಣದ ಫ್ಯಾಕ್ಟರಿಯವರೂ ಗೇಟ್ ಪಾಸ್ ಕೊಡುವುದಿಲ್ಲ. ಬೀಳದಿದ್ದರೆ ಗುತ್ತಿಗೆದಾರ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ.

“ತಾಯಿ, ಇಬ್ಬರೂ ಬೇಗ ಸಹಿ ಮಾಡಿ, ನನಗೆ ಫೋನಿದೆ,” ಅಂದರು ಸಾಹೇಬರು.

“ತಿಳಿಸಲಾಗಿದೆ ಅಂತ ಬರೆದಿದೆ ಸರ್. ಇನ್ನೂ ತಿಳಿಸಿಲ್ಲ,” ಅಂದೆ. ಕುರ್ಚಿ ಎಳೆದು ಹಣಮಂತ್ರಾಯನನ್ನು ಕೂರಿಸಿದೆ. ಆ ಕೋಣೆಯಲ್ಲಿ ಅವ ಕುರ್ಚಿ ಮೇಲೆ ಕೂತದ್ದು ಅದೇ ಮೊದಲು.

ಒಂದೊಂದೇ ಸಾಲು ಓದಿದೆ, ಒಂದೊಂದನ್ನೂ ಕನ್ನಡ ಮಾಡಿದೆ. ಹೆಸರು, ಊರು, ತಾರೀಖು ಆಯಿತು. ಆಮೇಲೆ ಬಂತು: “ಡಯಜೋಟೈಸ್ ಮಾಡಲು ನನಗೆ ಸ್ಪಷ್ಟ ಸೂಚನೆ ಇತ್ತು. ನಾನು ಸ್ವಂತ ನಿರ್ಧಾರದಿಂದ ಬರ್ಫ ಇಲ್ಲದೆ ಕೆಲಸ ಆರಂಭಿಸಿದೆ.”

“ಇನ್ನೊಮ್ಮೆ ಹೇಳ್ರಿ,” ಅಂದ.

ಹೇಳಿದೆ.

“ಸ್ವಂತ ನಿರ್ಧಾರ ಅಂದ್ರ, ನಂದ?”

“ನಿಮ್ಮದ ಅಂತ ಬರದಾರ.”

“ನನ್ನ ಸ್ವಂತ ಅನ್ನೂದು ಈ ಫ್ಯಾಕ್ಟರ್‍ಯಾಗ ಟಿಫಿನ್ ಡಬ್ಬಿ ಒಂದ ಅದ ನೋಡ್ರಿ ಅಕ್ಕಾರ.”

ಸಾಹೇಬರು ಗಡಿಯಾರ ನೋಡಿದರು. “ಕಾಯ್ ಮ್ಹಣತೋಯ್?” ಏನಂತಾನೆ?

“ಅರ್ಥ ಮಾಡಿಕೊಳ್ಳುತ್ತಿದ್ದಾರೆ ಸರ್.”

ಹಣಮಂತ್ರಾಯ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಟೈಪಿನ ಕೆಳಗೆ ಅರ್ಧ ಪುಟ ಖಾಲಿ ಇತ್ತು. ನನ್ನ ಪೆನ್ನು ಕೇಳಿ ಇಸಿದುಕೊಂಡು ಬರೆಯಲು ಶುರು ಮಾಡಿದ. ಮೊದಲ ಸಾಲು: “ಮ್ಯಾಲಿನ ಮಾತು ನನ್ನದಲ್ಲ. ಕೆಳಗಿನದು ನನ್ನದು.” ಆಮೇಲೆ ಒಂದರಿಂದ ಹನ್ನೊಂದು. ಒಂದೂ ಮರೆತಿರಲಿಲ್ಲ. ಎಳಿ ದಾರ, ತೇಲುವ ಬರ್ಫ, ನೀಲಿ ಕಾಗದ, ಎಲ್ಲ ಆ ಮುತ್ತಿನಂಥ ಅಕ್ಷರದಲ್ಲಿ ಇಳಿದವು. ಏಳನೆಯದನ್ನು ಬರೆದು ಪೆನ್ನು ಎತ್ತಲಿಲ್ಲ. “ಬರ್ಫ ಬಂದಿಲ್ಲಂದ್ರ ನೈಟ್ರೈಟ್ ಬಿಡಬ್ಯಾಡ. ಯಾರು ಹೇಳಿದ್ರೂ ಬಿಡಬ್ಯಾಡ. ಮನೋಹರ ಸಾಹೇಬರು ಬಿಡು ಅಂದರು. ಬರ್ಫ ಇಲ್ಲ ಅಂದೆ. ಗ್ವಾಡಿ ಮ್ಯಾಲ ಕಾಗದ ಇರಲಿಲ್ಲ. ಬಿಟ್ಟೆ. ಅದೊಂದು ನನ್ನ ತಪ್ಪು.”

ಕೊನೆಗೆ ದೊಡ್ಡದಾಗಿ ಸಹಿ ಮಾಡಿದ.

“ಸಹಿ ಝಾಲೀ ನಾ?” ಸಾಹೇಬರು ಕೈ ಚಾಚಿದರು. ಆಯಿತಲ್ಲ ಸಹಿ, ಅಂತ. ಹಾಳೆ ನೋಡಿ ಹುಬ್ಬು ಗಂಟು ಹಾಕಿದರು. “ಇಷ್ಟುದ್ದ ಏನು ಬರೆದ ಇವನು?”

“ಡಯಜೋಟೈಸ್ ಅಂದರೆ ಏನು ಅಂತ ಬರೆದಾರೆ ಸರ್.”

ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಪೆನ್ನು ತೆಗೆದುಕೊಂಡು ನನ್ನ ಜಾಗದಲ್ಲಿ ಸಹಿ ಹಾಕಿದೆ. ಅದರ ಕೆಳಗೆ ಇಂಗ್ಲೀಷಿನಲ್ಲಿ, ಅವರಿಗೆ ಓದಲು ಬರುವಂತೆ, ಎರಡು ಸಾಲು ಸೇರಿಸಿದೆ. ಗೋಡೆಯ ಹಾಳೆ ಕಿತ್ತು ಹೊಸ ಬ್ಯಾಚ್ ಕಾರ್ಡು ಬರೆದವಳು ನಾನು. ಆ ದಿನ ಬರ್ಫದ ಲಾರಿ ಒಳಗೆ ಬಂದದ್ದು ಹನ್ನೆರಡೂ ಹತ್ತಕ್ಕೆ, ಗೇಟಿನ ಪುಸ್ತಕ ನೋಡಬಹುದು.

ಓದಿ ಕೆಂಪಗಾದರು. “ಬೇರೆ ಹಾಳೆ ಟೈಪ್ ಮಾಡಿಸುತ್ತೇನೆ. ಇದನ್ನು ಹರಿದು ಹಾಕಿ.”

“ನಂಬರು ಬಿದ್ದದ ಸರ್,” ಅಂದೆ. “ನೀವೇ ಹೇಳಿಕೊಟ್ಟಿದ್ದು.”

ಆ ಹಾಳೆ ಉಳಿಯಿತು. ಐದೂವರೆ ವರ್ಷ ಗೋಡೆ ಮೇಲೆ ಸಿಗದ ನಂಬರು ಆ ಹನ್ನೊಂದು ಸಾಲುಗಳಿಗೆ ಫೈಲಿನ ಒಳಗೆ ಸಿಕ್ಕಿತು. ಹೆಡ್ ಆಫೀಸಿಗೆ ಹೋಯಿತು, ತಿರುಗಿ ಬಂತು, ಕಪಾಟಿನಲ್ಲಿ ಕೂತಿತು. ಯಾರೂ ಓದಿದ ಸುದ್ದಿ ಇಲ್ಲ. ನನ್ನನ್ನು ಪಾಳಿಯಿಂದ ತೆಗೆದು ಸ್ಟೋರಿಗೆ ಹಾಕಿದರು. ನಾನು ನೌಕರಿ ಬಿಡಲಿಲ್ಲ. ಮುಕ್ತಾಳ ಸಾಲಿ ಇತ್ತು, ಮನೆ ಇತ್ತು. ಮನೋಹರ ಸಾಹೇಬರಿಗೆ ಏನೂ ಆಗಲಿಲ್ಲ. ರಾಮಲಿಂಗಪ್ಪ ಮೇ ತಿಂಗಳಲ್ಲಿ ಕೋಲು ಹಿಡಿದು ಸುರಪುರದ ಬಸ್ಸು ಹತ್ತಿದ.

ವಿಚಾರಣೆ ನಡೆದದ್ದು ಶುಕ್ರವಾರ. ಸೋಮವಾರ ಹಣಮಂತ್ರಾಯ ಗೇಟಿಗೆ ಬಂದಾಗ ಪಾಸ್ ತೆಗೆದುಕೊಂಡು ತಿರುಗಿ ಕಳಿಸಿದರು. ಯಾಕೆ ಅಂತ ಕೇಳಿದ್ದಕ್ಕೆ ಗುತ್ತಿಗೆದಾರ, ನೀ ಭಾಳ ಬರೀತೀ ಅಂದನಂತೆ. ಆಮೇಲೆ ಅವ ಪುಣೆ ಹತ್ತಿರದ ವಾಕಡದ ಕಡೆ ಕಟ್ಟಡದ ಕೆಲಸಕ್ಕೆ ಹೋದ.

ತನಗೆ ತಿಳಿಯಲಾರದ ಕಾಗದಕ್ಕೆ ಹಣಮಂತ್ರಾಯ ಸಹಿ ಮಾಡಲಿಲ್ಲ. ನಾನು ಕೊಟ್ಟ ಮಾತು ನಡೆಯಿತು.